ಎರಡು ಬಸ್ಸು, ಹತ್ತೊಂಬತ್ತು ಜನ, ಒಂದು ‘ಕಡ್ಡಾಯ’

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಕೋಡ್ ಬರೆಯೋದಕ್ಕೂ ಮೊದಲು ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಅಂತ ಒಂದು ಬರುತ್ತೆ. ಗಿರಾಕಿಗೆ ಏನೇನು ಬೇಕು ಅನ್ನೋ ಪಟ್ಟಿ. ಅದರಲ್ಲಿ ಎರಡು ಪದಗಳ ಮೇಲೆ ಎಲ್ಲರ ಕಣ್ಣು. ಒಂದು ‘ಮಸ್ಟ್’, ಇನ್ನೊಂದು ‘ಶುಡ್’. ಮೊದಲನೆಯದಿದ್ದರೆ ಮಾಡಲೇಬೇಕು, ಇಲ್ಲದಿದ್ದರೆ ಗಿರಾಕಿ ದುಡ್ಡು ಬಿಚ್ಚಲ್ಲ. ಎರಡನೆಯದಿದ್ದರೆ ಮಾಡಿದರೆ ಒಳ್ಳೇದು, ಮಾಡದಿದ್ದರೆ ಒಂದು ಕಾರಣ ಕೊಟ್ಟರೆ ಮುಗೀತು. ಕೊನೇ ವಾರ ಟೈಮ್ ಸಾಲದೆ ಬಂದಾಗ ‘ಶುಡ್’ ಇರೋದೆಲ್ಲ ಮುಂದಿನ ರಿಲೀಸಿಗೆ ಹೋಗುತ್ತೆ. ಮುಂದಿನ ರಿಲೀಸಿನಲ್ಲಿ ಅದರ ಮುಂದಿನದಕ್ಕೆ... ಈ ಫೀಲ್ಡಿನಲ್ಲಿ ಇರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ :-)

ಇಂಟರ್ನೆಟ್ಟಿನ ನಿಯಮಗಳನ್ನು ಬರೆಯೋ ಜನ 1997ರಲ್ಲಿ ಇಂಥ ಪದಗಳಿಗೆ ಅರ್ಥ ಹೇಳೋದಕ್ಕೇ ಅಂತ ಬೇರೆ ಒಂದು ಟಿಪ್ಪಣಿ ಬರೆದಿಟ್ಟರು. ಅಷ್ಟು ಜಗಳ ಆಗಿರಬೇಕು.

ಇದನ್ನು ಯಾಕೆ ಹೇಳ್ತಿದೀನಿ ಅಂದರೆ, ಕೆಲವು ತಿಂಗಳಿಂದ ಸಿಟಿ ಬಸ್ಸುಗಳ ಚರಿತ್ರೆ ಓದೋ ಹುಚ್ಚು ಹಿಡಿದಿದೆ. ದಿನಾ ಎರಡು ಗಂಟೆ ಬಸ್ಸಲ್ಲಿ ಕೂರೋನಿಗೆ ಇನ್ಯಾವ ಹುಚ್ಚು ಹಿಡಿಯುತ್ತೆ ಹೇಳಿ! ಹಾಗೆ ಓದ್ತಾ ಓದ್ತಾ ಅಮೆರಿಕದ ಡೆನ್ವರ್ ಅನ್ನೋ ಊರಿನ ಒಂದು ರಸ್ತೆ ತಡೆಗೆ ಬಂದು ನಿಂತೆ. ವೀಲ್‌ಚೇರಿನಲ್ಲಿ ಓಡಾಡೋ ಜನ ಬಸ್ಸಿಗಾಗಿ ಮಾಡಿದ ರಸ್ತೆ ತಡೆ. ಅಲ್ಲಿಂದ ಶುರುವಾಗಿ ಹನ್ನೆರಡು ವರ್ಷ ನಡೆದ ಆ ಜಗಳ ಕೊನೆಗೆ ಬಂದು ನಿಲ್ಲೋದು ಇದೇ ‘ಮಸ್ಟ್’ ಮತ್ತು ‘ಶುಡ್’ ಮೇಲೆ. ನಮ್ಮಲ್ಲೂ ಆ ಜಗಳ ಇನ್ನೂ ಮುಗಿದಿಲ್ಲ. ಹಾಗಾಗಿ ಸ್ವಲ್ಪ ಉದ್ದ ಆದರೂ ಪೂರ್ತಿ ಬರೀತಿದೀನಿ, ಟೀ ಹಿಡಿದು ಕೂತು ಓದಿ.

*

ಮೊದಲು ಒಂದು ಪದ ಬಿಡಿಸಿಬಿಡ್ತೀನಿ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಡಾಕ್ಟರೊಬ್ಬರು ನಡೆಸೋ ಚಿಕ್ಕ ಆಸ್ಪತ್ರೆ. ಹೆರಿಗೆಗೆ ಹೋಗ್ತೀವಿ, ನಾಲ್ಕು ದಿನ ಇದ್ದು ಮನೆಗೆ ಬರ್ತೀವಿ. ಅಮೆರಿಕದಲ್ಲಿ ಹಾಗಲ್ಲ. ಆರೈಕೆ ಬೇಕಾದ ಮುದುಕರು ಜೀವನದ ಕೊನೆಯವರೆಗೆ ಇರೋ ಜಾಗ ಅದು. 1970ರ ದಶಕದಲ್ಲಿ ಅಲ್ಲಿ ಹರೆಯದ ಅಂಗವಿಕಲರನ್ನೂ ತಂದು ಬಿಡ್ತಿದ್ದರು. ಇಪ್ಪತ್ತು ವರ್ಷದ ಹುಡುಗ, ಕಾಯಿಲೆ ಏನೂ ಇಲ್ಲ, ಕೈಕಾಲು ಸ್ವಾಧೀನದಲ್ಲಿಲ್ಲ ಅಷ್ಟೆ. ಅವನಿಗೆ ಮುಂದಿನ ನಲವತ್ತು ವರ್ಷ ಎಂಬತ್ತರ ಅಜ್ಜಂದಿರ ಪಕ್ಕದ ಮಂಚ.

ಡೆನ್ವರಿನ ಅಂಥದೊಂದು ಹೋಮಿನಲ್ಲಿ ವೇಡ್ ಬ್ಲಾಂಕ್ ಅನ್ನೋರು ಕೆಲಸಕ್ಕೆ ಸೇರಿದರು. ಮೂಲತಃ ಪ್ರೆಸ್‌ಬಿಟೇರಿಯನ್ ಪಾದ್ರಿ, ಕರಿಯರ ನಾಗರಿಕ ಹಕ್ಕುಗಳ ಹೋರಾಟ ಹತ್ತಿರದಿಂದ ಕಂಡವರು. ಅಲ್ಲಿದ್ದ ಹರೆಯದವರಿಗೆ ಸ್ವಲ್ಪ ಸ್ವಾತಂತ್ರ್ಯ ಕೊಡಿಸಲು ಹೋಗಿ ಕೆಲಸ ಕಳಕೊಂಡರು. ಆಮೇಲೆ 1975ರಲ್ಲಿ ಅಟ್ಲಾಂಟಿಸ್ ಕಮ್ಯುನಿಟಿ ಅಂತ ಒಂದು ಸಂಸ್ಥೆ ಕಟ್ಟಿ, ಆ ಹುಡುಗ ಹುಡುಗಿಯರನ್ನು ಹೊರಗೆ ಕರೆತಂದು ಬಾಡಿಗೆ ಮನೆಗಳಲ್ಲಿ ಇರೋ ಹಾಗೆ ಮಾಡಿದರು. ಸಹಾಯಕ್ಕೆ ಜನರನ್ನು ಗೊತ್ತು ಮಾಡಿದರು.

ಸರಿ, ಮನೆ ಸಿಕ್ಕಿತು. ಮುಂದೆ? ಅಂಗಡಿಗೆ ಹೋಗಬೇಕು, ಕೆಲಸ ಹುಡುಕಬೇಕು, ಸಿನಿಮಾಕ್ಕೆ ಹೋಗಬೇಕು. ಬಸ್ ಸ್ಟಾಪಿನ ತನಕ ವೀಲ್‌ಚೇರ್ ಹೋಗುತ್ತೆ. ಬಸ್ಸು ಬರುತ್ತೆ, ಬಾಗಿಲು ತೆಗೆಯುತ್ತೆ, ಎದುರಿಗೆ ಮೂರು ಮೆಟ್ಟಿಲು. ನರ್ಸಿಂಗ್ ಹೋಮಿನ ಗೋಡೆ ದಾಟಿ ಬಂದವರಿಗೆ ಈ ಮೂರು ಮೆಟ್ಟಿಲು ಇನ್ನೊಂದು ಗೋಡೆ ಆಯ್ತು.

ಅದೇ ಹೊತ್ತಿಗೆ ಡೆನ್ವರಿನ ಸಾರಿಗೆ ಸಂಸ್ಥೆ ಆರ್‌ಟಿಡಿ ಹೊಸ ಬಸ್ಸುಗಳನ್ನು ಕೊಳ್ಳುತ್ತಿತ್ತು. ಒಂದರಲ್ಲೂ ಲಿಫ್ಟ್ ಇಲ್ಲ. ಇಲ್ಲೊಂದು ಲೆಕ್ಕ ನೋಡಬೇಕು. ಅಮೆರಿಕದಲ್ಲಿ ದೊಡ್ಡ ಸಿಟಿ ಬಸ್ಸಿನ ಆಯಸ್ಸು ಕನಿಷ್ಠ ಹನ್ನೆರಡು ವರ್ಷ ಅಂತ ಲೆಕ್ಕ. ಅಂದರೆ ಇವತ್ತು ಮೆಟ್ಟಿಲಿರೋ ಬಸ್ಸಿಗೆ ಸಹಿ ಹಾಕಿದರೆ ಮುಂದಿನ ಹನ್ನೆರಡು ವರ್ಷ ಅದೇ ಬಸ್ಸು. ಇಪ್ಪತ್ತೆರಡರ ಹುಡುಗನಿಗೆ ಮೂವತ್ನಾಲ್ಕು ಆಗೋವರೆಗೆ. ಅಟ್ಲಾಂಟಿಸ್‌ನವರು ಕೋರ್ಟಿಗೆ ಹೋದರು, ಸೋತರು.

*

1978ರ ಜುಲೈ 5. ಅಮೆರಿಕದವರ ಸ್ವಾತಂತ್ರ್ಯ ದಿನದ ಮರುದಿನ. ಡೆನ್ವರಿನ ಅತಿ ಗಿಜಿಗುಡುವ ಚೌಕಗಳಲ್ಲೊಂದಾದ ಕಾಲ್ಫ್ಯಾಕ್ಸ್ ಮತ್ತು ಬ್ರಾಡ್‌ವೇ ಸೇರೋ ಜಾಗಕ್ಕೆ ಹತ್ತೊಂಬತ್ತು ಜನ ಅಂಗವಿಕಲರು ಬಂದರು. ಒಂದು ಬಸ್ಸಿನ ಮುಂದೆ, ಹಿಂದೆ ನಿಂತರು. ಇನ್ನೊಂದು ಬಸ್ಸಿಗೂ ಹಾಗೇ ಮಾಡಿದರು. ಕೆಲವರು ವೀಲ್‌ಚೇರಿನಿಂದ ಇಳಿದು ಟಾರು ರಸ್ತೆಯ ಮೇಲೆ ಮಲಗಿದರು. ಕೂಗಿದ ಘೋಷಣೆ ಬಹಳ ಸರಳ. ನಾವು ಬಸ್ಸು ಹತ್ತೇ ಹತ್ತುತ್ತೀವಿ, ಅಷ್ಟೆ.

ರಾತ್ರಿ ಆಯ್ತು, ಎದ್ದು ಹೋಗಲಿಲ್ಲ. ಬಸ್ಸುಗಳೂ ಅಲ್ಲೇ, ಅವರೂ ಅಲ್ಲೇ. ಮರುದಿನದ ತನಕ ಎರಡು ಬಸ್ಸುಗಳನ್ನು ಹಿಡಿದಿಟ್ಟರು. ಇವತ್ತು ಅವರನ್ನು ‘ಗ್ಯಾಂಗ್ ಆಫ್ ನೈನ್‌ಟೀನ್’ ಅಂತ ಕರೀತಾರೆ. ಆ ಚೌಕದಲ್ಲಿ ಹತ್ತೊಂಬತ್ತೂ ಜನರ ಹೆಸರಿರೋ ಒಂದು ಫಲಕ ಇದೆ.

ರಸ್ತೆ ತಡೆ ಅನ್ನೋದು ನಮಗೆ ಹೊಸದೇನಲ್ಲ. ಕಬ್ಬಿನ ಬೆಲೆಗೆ, ಕುಡಿಯೋ ನೀರಿಗೆ, ಕಾವೇರಿಗೆ ಎಷ್ಟು ನೋಡಿಲ್ಲ? ಆದರೆ ಇಲ್ಲಿ ಒಂದು ವಿಶೇಷ ಇದೆ. ನಾವು ಬಸ್ಸು ತಡೆಯೋದು ಬೇರೆ ಏನನ್ನೋ ಕೇಳೋದಕ್ಕೆ. ಇವರು ಬಸ್ಸು ತಡೆದದ್ದು ಬಸ್ಸನ್ನೇ ಕೇಳೋದಕ್ಕೆ. ಅವತ್ತು ಆ ಎರಡು ಬಸ್ಸುಗಳಲ್ಲಿದ್ದ ಪ್ರಯಾಣಿಕರು ಎಲ್ಲಿಗೂ ಹೋಗೋಕೆ ಆಗದೆ ನಿಂತ ಸ್ಥಿತಿ ಏನಿತ್ತೋ, ಅದು ಹೊರಗೆ ಮಲಗಿದ್ದವರ ದಿನನಿತ್ಯದ ಸ್ಥಿತಿ.

ಒಂದೇ ರಾತ್ರಿಗೆ ಏನೂ ಬದಲಾಗಲಿಲ್ಲ. ಹಲವು ವರ್ಷಗಳ ಹಗ್ಗಜಗ್ಗಾಟ ಆಗಿ, 1980ರ ದಶಕದ ಆರಂಭದಲ್ಲಿ ಡೆನ್ವರಿನ ಸಂಸ್ಥೆ ಹೊಸ ಬಸ್ಸುಗಳಿಗೆಲ್ಲ ಲಿಫ್ಟ್ ಹಾಕಿಸೋಕೆ ಒಪ್ಪಿತು.

*

ಇಲ್ಲಿ ನನ್ನ ಇಂಜಿನಿಯರ್ ಬುದ್ಧಿಗೆ ಬಂದ ಪ್ರಶ್ನೆ ಏನಂದರೆ, ಆಗ ಅಂಥ ಬಸ್ಸು ಕಟ್ಟೋಕೆ ಗೊತ್ತಿರಲಿಲ್ವಾ? ಗೊತ್ತಿತ್ತು. ಚೆನ್ನಾಗೇ ಗೊತ್ತಿತ್ತು.

1970ರ ದಶಕದ ಮೊದಲಲ್ಲೇ ಅಮೆರಿಕ ಸರ್ಕಾರ ದುಡ್ಡು ಹಾಕಿ ‘ಟ್ರಾನ್ಸ್‌ಬಸ್’ ಅನ್ನೋ ಯೋಜನೆ ಶುರು ಮಾಡಿತ್ತು. ಜನರಲ್ ಮೋಟಾರ್ಸ್, ಎಎಂ ಜನರಲ್, ರೋರ್ ಈ ಮೂರು ಕಂಪನಿಗಳು ಮಾದರಿ ಬಸ್ಸುಗಳನ್ನು ಕಟ್ಟಿ ತೋರಿಸಿದವು. ಆಗಿನ ಮಾಮೂಲಿ ಬಸ್ಸಿನ ನೆಲ ರಸ್ತೆಯಿಂದ ಸುಮಾರು 34 ಇಂಚು ಎತ್ತರ. ಟ್ರಾನ್ಸ್‌ಬಸ್ಸಿನ ಗುರಿ 22 ಇಂಚು. ಅಗಲ ಬಾಗಿಲು, ಒಂದು ಇಳಿಜಾರು ಹಲಗೆ, ಅಂದರೆ ರ‍್ಯಾಂಪ್. ವೀಲ್‌ಚೇರಿಗೆ ಎತ್ತುವ ಯಂತ್ರ ಕೂಡ ಬೇಡ, ಉರುಳಿಸಿಕೊಂಡೇ ಒಳಗೆ ಹೋಗಬಹುದು. 1977ರ ಮೇ ತಿಂಗಳಲ್ಲಿ ಸಾರಿಗೆ ಮಂತ್ರಿ ಬ್ರಾಕ್ ಆಡಮ್ಸ್, 1979ರ ಸೆಪ್ಟೆಂಬರ್ ನಂತರ ಕೇಂದ್ರದ ದುಡ್ಡಲ್ಲಿ ಕೊಳ್ಳೋ ದೊಡ್ಡ ಬಸ್ಸುಗಳೆಲ್ಲ ಟ್ರಾನ್ಸ್‌ಬಸ್ಸೇ ಆಗಿರಬೇಕು ಅಂತ ಆದೇಶ ಹೊರಡಿಸಿದರು.

ಕಂಪನಿಗಳು ಗೊಣಗಿದವು. ಆಕ್ಸಲ್ ಹೊಸದು ಬೇಕು, ಟೈರ್ ಚಿಕ್ಕದು ಬೇಕು, ಖರ್ಚು ಜಾಸ್ತಿ, ಸೀಟು ಕಮ್ಮಿ. ಲಾಸ್ ಏಂಜಲಿಸ್ ಮತ್ತು ಇನ್ನೆರಡು ನಗರಗಳು ಒಟ್ಟು ಸೇರಿ ಟ್ರಾನ್ಸ್‌ಬಸ್ಸಿಗೆ ಟೆಂಡರ್ ಕರೆದವು. 1979ರ ಮೇ ತಿಂಗಳಲ್ಲಿ ಟೆಂಡರ್ ತೆಗೆದು ನೋಡಿದರೆ ಒಬ್ಬನೂ ಬಿಡ್ ಹಾಕಿಲ್ಲ! ಮಾದರಿ ಬಸ್ಸು ಓಡಿಸಿ ತೋರಿಸಿದ ಕಂಪನಿಗಳೇ ಮಾರೋಕೆ ಮುಂದೆ ಬರಲಿಲ್ಲ. ಟ್ರಾನ್ಸ್‌ಬಸ್ ಅಲ್ಲಿಗೆ ಸತ್ತುಹೋಯ್ತು.

ನನಗೆ ಇಡೀ ಕಥೆಯಲ್ಲಿ ಬಹಳ ಕಾಡಿದ ಭಾಗ ಇದು. ‘ತಂತ್ರಜ್ಞಾನ ಬಂದರೆ ಎಲ್ಲ ತಾನಾಗೇ ಸರಿಹೋಗುತ್ತೆ’ ಅಂತ ನಮ್ಮಂಥೋರು ಹೇಳ್ತಾನೇ ಇರ್ತೀವಿ. ಇಲ್ಲಿ ತಂತ್ರಜ್ಞಾನ ಬಂದು, ರಸ್ತೆ ಮೇಲೆ ಓಡಿ, ಶೆಡ್ಡಿಗೆ ವಾಪಸ್ ಹೋಯ್ತು.

*

ಕಾನೂನಿನ ಕಥೆಯೂ ಹೆಚ್ಚುಕಡಿಮೆ ಹೀಗೇ. 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್, ಕೇಂದ್ರದ ದುಡ್ಡು ಪಡೆಯೋ ಯಾವ ಕಾರ್ಯಕ್ರಮದಲ್ಲೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಅಂತ ಹೇಳಿತು. ಒಂದೇ ವಾಕ್ಯ. ಆದರೆ ಅದನ್ನು ಜಾರಿ ಮಾಡೋ ನಿಯಮಗಳಿಗೆ ನಾಲ್ಕು ವರ್ಷ ಯಾರೂ ಸಹಿ ಹಾಕಲಿಲ್ಲ. 1977ರ ಏಪ್ರಿಲ್ 5ರಂದು ಜೂಡಿ ಹ್ಯೂಮನ್, ಕಿಟ್ಟಿ ಕೋನ್ ಮುಂತಾದವರ ಜೊತೆ ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಚೇರಿಗೆ ನುಗ್ಗಿ ಧರಣಿ ಕೂತರು. ಮೂರು ವಾರಕ್ಕೂ ಹೆಚ್ಚು ಅಲ್ಲೇ. ಹೊರಗಿಂದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಊಟ ತಂದು ಕೊಟ್ಟರು. ಏಪ್ರಿಲ್ 28ಕ್ಕೆ ಮಂತ್ರಿ ಜೋಸೆಫ್ ಕ್ಯಾಲಿಫಾನೋ ಸಹಿ ಹಾಕಿದರು.

ಅದರ ಬೆನ್ನಿಗೆ 1979ರಲ್ಲಿ ಸಾರಿಗೆ ಇಲಾಖೆಯೂ ನಿಯಮ ಮಾಡಿತು. ಕೇಂದ್ರದ ದುಡ್ಡಲ್ಲಿ ಕೊಳ್ಳೋ ಹೊಸ ಬಸ್ಸುಗಳೆಲ್ಲ ವೀಲ್‌ಚೇರ್ ಹತ್ತೋ ಹಾಗಿರಬೇಕು ಅಂತ. ಮಸ್ಟ್!

ಬಸ್ ಸಂಸ್ಥೆಗಳದ್ದೆಲ್ಲ ಸೇರಿ ಅಮೆರಿಕನ್ ಪಬ್ಲಿಕ್ ಟ್ರಾನ್ಸಿಟ್ ಅಸೋಸಿಯೇಷನ್ ಅಂತ ಒಂದು ಒಕ್ಕೂಟ ಇತ್ತು, ಚಿಕ್ಕದಾಗಿ ಆಪ್ಟಾ. ಅವರು ಕೋರ್ಟಿಗೆ ಹೋದರು. 1981ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು ಆ ನಿಯಮವನ್ನು ಎತ್ತಿಹಿಡಿಯಲಿಲ್ಲ. ಅಷ್ಟರಲ್ಲಿ ರೇಗನ್ ಸರ್ಕಾರವೂ ಬಂದಿತ್ತು. ಇಲಾಖೆ ನಿಯಮ ಹಿಂತೆಗೆದುಕೊಂಡು ‘ಸ್ಥಳೀಯ ಆಯ್ಕೆ’ ಅನ್ನೋದನ್ನು ತಂದಿತು. ಯಾವ ಊರು ಬಸ್ಸಿಗೆ ಲಿಫ್ಟ್ ಹಾಕಬೇಕು, ಯಾವ ಊರು ಬೇರೆ ವ್ಯಾನ್ ಓಡಿಸಬೇಕು ಅನ್ನೋದು ಆಯಾ ಊರಿಗೇ ಬಿಟ್ಟಿದ್ದು. ಸಿಯಾಟಲ್‌ನಂಥ ಊರು ಲಿಫ್ಟ್ ಹಾಕಿತು. ಬಹಳಷ್ಟು ಊರುಗಳು ವ್ಯಾನ್ ಆರಿಸಿಕೊಂಡವು.

ವ್ಯಾನ್ ಅಂದರೆ ಏನು ತಪ್ಪು, ಮನೆ ಬಾಗಿಲಿಗೇ ಬರುತ್ತಲ್ಲ, ಬಸ್ಸಿಗಿಂತ ಒಳ್ಳೇದಲ್ವಾ ಅನ್ನಿಸಬಹುದು. ವ್ಯವಸ್ಥೆ ಹೇಗಿತ್ತು ನೋಡಿ. ಒಂದು ದಿನ ಅಥವಾ ಅದಕ್ಕೂ ಮೊದಲೇ ಫೋನ್ ಮಾಡಿ ಬುಕ್ ಮಾಡಬೇಕು. ಎಲ್ಲಿಗೆ, ಯಾಕೆ ಅಂತ ಹೇಳಬೇಕು. ಡಾಕ್ಟರ ಹತ್ತಿರ ಹೋಗೋರಿಗೆ ಮೊದಲ ಆದ್ಯತೆ, ಸಿನಿಮಾಕ್ಕೆ ಹೋಗೋರಿಗೆ ಕೊನೇದು. ಜಾಗ ಇಲ್ಲ ಅಂದರೆ ಇಲ್ಲ. ಗೆಳೆಯನೊಬ್ಬ ಸಿಕ್ಕಿದ, ಇನ್ನೊಂದು ಗಂಟೆ ಕೂತು ಹರಟೋಣ ಅಂದರೆ ಆಗಲ್ಲ, ವ್ಯಾನ್ ಹೊರಟುಹೋಗುತ್ತೆ. ನಾವು ಬಸ್ಸಿಗೆ ಹೋಗುವಾಗ ಯಾರಿಗಾದರೂ ಕಾರಣ ಹೇಳ್ತೀವಾ?

ಇದನ್ನು ಓದುವಾಗ ನಮ್ಮ ಸೋದರಮಾವ ನೆನಪಾದರು. ಸಾಗರದ ಕಡೆಯ ನಮ್ಮೂರಲ್ಲಿ ಬಸ್ ಸ್ಟಾಪಿನ ಎದುರಿಗೇ ಅವರ ಎಸ್‌ಟಿಡಿ ಬೂತ್. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎರಡೂ ಕಾಲು ಹೋಗಿತ್ತು. ಆಗ ಅಂಗವಿಕಲರಿಗೆ ಅಂತ ಬೂತ್ ಕೊಡ್ತಿದ್ದರಲ್ಲ, ಹಾಗೆ ಸಿಕ್ಕಿದ್ದು. ಯಾವ ಬಸ್ಸು ಎಷ್ಟೊತ್ತಿಗೆ, ಯಾವುದು ಲೇಟು, ಯಾವ ಡ್ರೈವರ್ ರಜೆ, ಎಲ್ಲ ಮಾವನಿಗೆ ಬಾಯಿಪಾಠ. ಊರವರು ಬಂದು ಅವರನ್ನೇ ಕೇಳ್ತಿದ್ದರು. ಅವರ ಹತ್ತಿರ ರಿಯಾಯಿತಿ ಪಾಸೂ ಇತ್ತು. ಇಲ್ಲದಿದ್ದದ್ದು ಹತ್ತೋ ದಾರಿ. ಇಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಿದರೆ ಮಾತ್ರ ಪ್ರಯಾಣ. ಮದುವೆ, ಆಸ್ಪತ್ರೆ ಅಂತ ವರ್ಷಕ್ಕೆ ಎರಡು ಸಲ ಎತ್ತೋಕೆ ಜನ ಸಿಗ್ತಾರೆ, ಸುಮ್ಮನೆ ಸಾಗರ ಪೇಟೆ ನೋಡಿಕೊಂಡು ಬರ್ತೀನಿ ಅಂದರೆ ಯಾರು ಸಿಗ್ತಾರೆ? ‘ಪಾಸಿನ ಫೋಟೋ ಮಾತ್ರ ಚೆನ್ನಾಗಿ ಬಂದಿದೆ ನೋಡೋ’ ಅಂತ ನನಗೆ ತೋರಿಸಿ ನಗೋರು.

ಪಾಸು ಕೊಟ್ಟವರು ಒಳ್ಳೇ ಮನಸ್ಸಿಂದಲೇ ಕೊಟ್ಟರು. ವ್ಯಾನ್ ಓಡಿಸಿದ ಅಮೆರಿಕದ ಊರುಗಳದ್ದೂ ಕೆಟ್ಟ ಮನಸ್ಸೇನಲ್ಲ. ಆದರೆ ಡೆನ್ವರಿನವರು ಕೇಳಿದ್ದು ಒಳ್ಳೇ ಮನಸ್ಸನ್ನಲ್ಲ, ಬಸ್ಸನ್ನು.

*

1983ರಲ್ಲಿ ಆಪ್ಟಾದ ವಾರ್ಷಿಕ ಸಮ್ಮೇಳನ ಡೆನ್ವರಿನಲ್ಲೇ ನಡೆಯಿತು. ಅದೇ ವರ್ಷ ಬ್ಲಾಂಕ್, ಮೈಕ್ ಆಬರ್ಗರ್ ಮತ್ತಿತರರು ಸೇರಿ ದೇಶದ ಬೇರೆ ಬೇರೆ ಊರಿನ ಅಂಗವಿಕಲರನ್ನು ಕೂಡಿಸಿಕೊಂಡು ಹೊಸ ಸಂಘಟನೆ ಕಟ್ಟಿದರು. ಅಮೆರಿಕನ್ ಡಿಸೇಬಲ್ಡ್ ಫಾರ್ ಆ್ಯಕ್ಸೆಸಿಬಲ್ ಪಬ್ಲಿಕ್ ಟ್ರಾನ್ಸಿಟ್. ಮೊದಲಕ್ಷರ ಕೂಡಿಸಿದರೆ ಅಡಾಪ್ಟ್. ಆಪ್ಟಾಕ್ಕೆ ಅಡಾಪ್ಟ್, ಹೆಸರಲ್ಲೇ ಎದುರುಬದುರು!

ಮುಂದಿನ ಏಳು ವರ್ಷ ಅವರ ಕೆಲಸ ಒಂದೇ. ಆಪ್ಟಾದ ಸಮ್ಮೇಳನ ಎಲ್ಲಿ ಇರುತ್ತೋ ಅಲ್ಲಿ ಹಾಜರ್. ವಾಷಿಂಗ್ಟನ್, ಲಾಸ್ ಏಂಜಲಿಸ್, ಡೆಟ್ರಾಯಿಟ್, ಸ್ಯಾನ್ ಫ್ರಾನ್ಸಿಸ್ಕೋ, ಗಡಿ ದಾಟಿ ಕೆನಡಾದ ಮಾಂಟ್ರಿಯಲ್ ಕೂಡ. ಹೋಟೆಲ್ ಬಾಗಿಲಿಗೆ ಅಡ್ಡ ಕೂರೋದು, ಬಸ್ಸಿಗೆ ಅಡ್ಡ ಕೂರೋದು, ಮೆಟ್ಟಿಲನ್ನು ತೆವಳಿಕೊಂಡು ಹತ್ತಿ ಟಿಕೆಟಿನ ದುಡ್ಡು ಕೊಡೋಕೆ ಹೋಗೋದು, ಬಂಧನಕ್ಕೆ ಒಳಗಾಗೋದು. ಬಂಧಿಸೋದು ಪೊಲೀಸರಿಗೂ ತಲೆನೋವು. ವೀಲ್‌ಚೇರ್ ಹತ್ತಿಸೋ ವ್ಯಾನ್ ಅವರ ಹತ್ತಿರವೂ ಇರ್ತಿರಲಿಲ್ಲ. ಜನರನ್ನು ಸಾಗಿಸೋಕೆ ಲಿಫ್ಟ್ ಇರೋ ಗಾಡಿ ಹುಡುಕಬೇಕಾಗಿ ಬರ್ತಿತ್ತು. ಪ್ರತಿಭಟನೆಯ ವಿಷಯ ಏನು ಅಂತ ಪೊಲೀಸರಿಗೆ ಇದಕ್ಕಿಂತ ಚೆನ್ನಾಗಿ ಯಾರು ವಿವರಿಸ್ತಾರೆ :-)

ಇವರಿಗೆ ಮಾದರಿ ಕರಿಯರ ನಾಗರಿಕ ಹಕ್ಕುಗಳ ಹೋರಾಟ. 1955ರ ಡಿಸೆಂಬರ್ 1ರಂದು ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟುಕೊಡಲ್ಲ ಅಂದಿದ್ದು, ಆಮೇಲೆ 381 ದಿನ ಕರಿಯರು ಬಸ್ಸು ಬಹಿಷ್ಕರಿಸಿದ್ದು ನಮಗೆಲ್ಲ ಗೊತ್ತಿರೋದೇ. ಅವರ ಜಗಳ ಬಸ್ಸಲ್ಲಿ ಎಲ್ಲಿ ಕೂರಬೇಕು ಅನ್ನೋದು, ನಮ್ಮದು ಬಸ್ಸಿನ ಒಳಗೆ ಹೋಗೋದೇ ಅಂತ ಅಡಾಪ್ಟ್‌ನವರು ಹೇಳ್ತಿದ್ದರು.

1986ರಲ್ಲಿ ಆಪ್ಟಾ ಸಮ್ಮೇಳನ ಡೆಟ್ರಾಯಿಟಿನಲ್ಲಿ. ರೋಸಾ ಪಾರ್ಕ್ಸ್ ಆಗ ಇದ್ದದ್ದೂ ಅದೇ ಊರಲ್ಲಿ. ಅಡಾಪ್ಟ್ ಮೆರವಣಿಗೆಗೆ ಬರೋಕೆ ಅವರು ಒಪ್ಪಿದ್ದರು. ಆದರೆ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. ಊರಿನ ಜನರಿಗೆ ತೊಂದರೆ ಕೊಡೋ ಈ ರೀತಿಗೆ ತಮ್ಮ ಬೆಂಬಲ ಇಲ್ಲ ಅನ್ನೋ ಅರ್ಥದ ಕಾಗದ ಅವರ ಕಡೆಯಿಂದ ಬಂತು. ಮೆರವಣಿಗೆ ಅವರಿಲ್ಲದೇ ಹೋಯ್ತು.

ಈ ಪ್ರಸಂಗವನ್ನು ಬಿಟ್ಟು ಕಥೆ ಹೇಳಿದರೆ ಇನ್ನೂ ಚಂದ ಇರ್ತಿತ್ತು. ಆದರೆ ಬಿಡೋಕೆ ಮನಸ್ಸಾಗಲಿಲ್ಲ. ಬಸ್ಸು ತಡೆದರೆ ಕೂಲಿಗೆ ಹೋಗೋನಿಗೆ, ಆಸ್ಪತ್ರೆಗೆ ಹೋಗೋಳಿಗೆ ತೊಂದರೆ ಆಗೋದು ನಿಜ. ಆ ಜನ ಬಸ್ಸಿನ ಟೆಂಡರಿಗೆ ಸಹಿ ಹಾಕಿದವರಲ್ಲ. ಹಾಗಂತ ಇನ್ನೇನು ದಾರಿ ಇತ್ತು ಅಂತ ನೋಡಿದರೆ, ಕೋರ್ಟ್ ಆಗಿತ್ತು, ಮನವಿಪತ್ರ ಆಗಿತ್ತು, ಸಭೆಯಲ್ಲಿ ಮಾತಾಡೋದು ಆಗಿತ್ತು. ನಾನು ಯಾವ ಕಡೆ ಅಂತ ಕೇಳಿದರೆ, ಹತ್ತೊಂಬತ್ತು ಜನರ ಕಡೆ. ಆದರೆ ಆ ಬಸ್ಸಿನೊಳಗೆ ಕೂತು ಗಡಿಯಾರ ನೋಡ್ತಿದ್ದವರನ್ನು ಬೈಯೋಕೂ ನನಗೆ ಬಾಯಿ ಬರಲ್ಲ.

*

ಅದೇ 1986ರಲ್ಲಿ ಸಾರಿಗೆ ಇಲಾಖೆ ಇನ್ನೊಂದು ನಿಯಮ ತಂದಿತು. ಸಾರಿಗೆ ಸಂಸ್ಥೆ ತನ್ನ ಖರ್ಚಿನ 3 ಶೇಕಡಾವನ್ನು ಅಂಗವಿಕಲರ ಸೇವೆಗೆ ಹಾಕಿದರೆ ಸಾಕು, ಅದರ ಜವಾಬ್ದಾರಿ ಮುಗೀತು. ಆ ದುಡ್ಡಿಗೆ ಎಷ್ಟು ಜನ ಪ್ರಯಾಣ ಮಾಡೋಕಾಯ್ತು ಅನ್ನೋದು ಬೇರೆ ಮಾತು. ಅಡಾಪ್ಟ್ ಮತ್ತೆ ಕೋರ್ಟಿಗೆ ಹೋಯ್ತು. 1989ರಲ್ಲಿ ಫಿಲಡೆಲ್ಫಿಯಾದ ಮೇಲ್ಮನವಿ ಕೋರ್ಟು ಆ 3 ಶೇಕಡಾದ ಮಿತಿಯನ್ನು ಹೊಡೆದುಹಾಕಿತು. ಆದರೆ ‘ಸ್ಥಳೀಯ ಆಯ್ಕೆ’ ಉಳಿಯಿತು. ಅಂದರೆ ಇರೋ ಕಾನೂನಿನಲ್ಲಿ ‘ಶುಡ್’ ಅಷ್ಟೇ ಸಿಗೋದು, ‘ಮಸ್ಟ್’ ಬೇಕಾದರೆ ಹೊಸ ಕಾನೂನೇ ಬೇಕು ಅನ್ನೋದು ಸ್ಪಷ್ಟ ಆಯ್ತು.

ಆ ಹೊಸ ಕಾನೂನು ಆಗಲೇ ಬರ್ತಾ ಇತ್ತು. ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆ್ಯಕ್ಟ್, ಎಡಿಎ. ಕೆಲಸ, ಕಟ್ಟಡ, ಸಾರಿಗೆ, ಫೋನು ಎಲ್ಲ ಸೇರಿದ ದೊಡ್ಡ ಕಾಯ್ದೆ. 1989ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ಪಾಸು ಮಾಡಿತ್ತು. ಪ್ರತಿನಿಧಿ ಸಭೆಯ ಸಮಿತಿಗಳಲ್ಲಿ ಬಂದು ಕೂತಿತ್ತು.

1990ರ ಮಾರ್ಚ್ 12ರಂದು ನೂರಾರು ಜನ ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ಸೇರಿದರು. ಭಾಷಣ ಮುಗಿದ ಮೇಲೆ ಸುಮಾರು ಅರವತ್ತು ಜನ ವೀಲ್‌ಚೇರ್, ಊರುಗೋಲು ಬಿಟ್ಟು ಭವನದ ಪಶ್ಚಿಮದ ಮೆಟ್ಟಿಲುಗಳನ್ನು ಹತ್ತೋಕೆ ಶುರು ಮಾಡಿದರು. ಕೈಯೂರಿ, ಮೊಣಕಾಲೂರಿ, ಬೆನ್ನು ಹಾಕಿ ಒಂದೊಂದೇ ಮೆಟ್ಟಿಲು. ಅವರಲ್ಲಿ ಜೆನಿಫರ್ ಕೀಲನ್ ಅನ್ನೋ ಎಂಟು ವರ್ಷದ ಹುಡುಗಿಯೂ ಇದ್ದಳು. ಅವಳ ಚಿತ್ರ ದೇಶವೆಲ್ಲ ನೋಡಿತು. ಮರುದಿನ ಭವನದ ಒಳಗೆ ಧರಣಿ ಕೂತವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು.

ತೆವಳೋದನ್ನು ತೋರಿಸಿದರೆ ಜನ ಅಯ್ಯೋ ಪಾಪ ಅಂತಾರೆ, ನಮಗೆ ಬೇಕಾದ್ದು ಹಕ್ಕು, ಕನಿಕರ ಅಲ್ಲ ಅಂತ ಅಂಗವಿಕಲರ ನಡುವೆಯೇ ಇದಕ್ಕೆ ಆಕ್ಷೇಪ ಇತ್ತು. ಆ ಮಾತಲ್ಲೂ ಹುರುಳಿದೆ. ಆದರೆ ನನಗೆ ಕಂಡಿದ್ದೇನೆಂದರೆ, ಅವರು ಅವತ್ತು ಹೊಸದೇನೂ ಮಾಡಲಿಲ್ಲ. ಮೆಟ್ಟಿಲಿರೋ ಬಸ್ಸು, ಮೆಟ್ಟಿಲಿರೋ ಆಫೀಸು ತಮ್ಮಿಂದ ಏನು ಮಾಡಿಸುತ್ತೆ ಅನ್ನೋದನ್ನು ಕಾನೂನು ಮಾಡೋರ ಕಣ್ಣೆದುರಿಗೆ ತಂದಿಟ್ಟರು.

1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಬುಷ್ (ಅಪ್ಪ ಬುಷ್) ಎಡಿಎಗೆ ಸಹಿ ಹಾಕಿದರು. ಉಳಿದ ಹಲವು ಭಾಗಗಳಿಗೆ ವರ್ಷಗಳ ಗಡುವು ಇತ್ತು. ಬಸ್ಸಿಗೆ ಮಾತ್ರ ಮೂವತ್ತೇ ದಿನ! ಆಮೇಲೆ ಸಾರಿಗೆ ಸಂಸ್ಥೆಗಳು ಕರೆಯೋ ಹೊಸ ಬಸ್ಸುಗಳ ಟೆಂಡರಿನಲ್ಲಿ ವೀಲ್‌ಚೇರ್ ಹತ್ತೋ ಸೌಲಭ್ಯ ಇರಲೇಬೇಕು. ವ್ಯಾನ್ ಸೇವೆಯೂ ಬೇಕು, ಬಸ್ಸು ಹತ್ತೋಕೆ ಆಗದೇ ಇರೋರಿಗಾಗಿ. ‘ಅಥವಾ’ ಇದ್ದ ಕಡೆ ‘ಮತ್ತು’ ಬಂತು. ಕೋಡ್ ಬರೆಯೋರಿಗೆ ಗೊತ್ತು, ಈ ಎರಡರ ವ್ಯತ್ಯಾಸ ಎಷ್ಟು ಅಂತ.

ಹಳೇ ಬಸ್ಸುಗಳನ್ನು ಯಾರೂ ಗುಜರಿಗೆ ಹಾಕಬೇಕಾಗಲಿಲ್ಲ. ಹನ್ನೆರಡು ವರ್ಷದ ಆಯಸ್ಸು ಮುಗಿದ ಹಾಗೆ ಒಂದೊಂದೇ ಹೋಯ್ತು, ಹೊಸದು ಬಂತು. 1978ರಲ್ಲಿ ಅವರ ವಿರುದ್ಧ ಇದ್ದ ಅದೇ ಲೆಕ್ಕ ಈಗ ಅವರ ಕಡೆ ಕೆಲಸ ಮಾಡಿತು. ಎರಡು ದಶಕ ತುಂಬೋ ಹೊತ್ತಿಗೆ ಅಮೆರಿಕದ ಹೆಚ್ಚುಕಡಿಮೆ ಎಲ್ಲ ಸಿಟಿ ಬಸ್ಸುಗಳೂ ವೀಲ್‌ಚೇರ್ ಹತ್ತೋ ಬಸ್ಸುಗಳಾದವು. ಖಾಯಂ ಗಿರಾಕಿ ಇದ್ದಾನೆ ಅಂತ ಗೊತ್ತಾದ ಮೇಲೆ ಕಂಪನಿಗಳೂ ತಗ್ಗು ನೆಲದ ಬಸ್ಸು ಕಟ್ಟೋಕೆ ಶುರು ಮಾಡಿದವು. ಟ್ರಾನ್ಸ್‌ಬಸ್ಸಿನಲ್ಲಿ ಆಗಲ್ಲ ಅಂದಿದ್ದ ತಗ್ಗು ನೆಲ, ರ‍್ಯಾಂಪು 1990ರ ದಶಕದಲ್ಲಿ ಮಾಮೂಲಿ ಆದವು. ಈಗ ಅಲ್ಲಿ ಮಗುವಿನ ತಳ್ಳುಗಾಡಿ ತರೋ ತಾಯಿ, ಮಂಡಿನೋವಿನ ಅಜ್ಜ, ಸೂಟ್‌ಕೇಸ್ ಎಳೆಯೋ ನಮ್ಮ ಆನ್‌ಸೈಟ್ ಹುಡುಗರು ಎಲ್ಲರೂ ಅದರಲ್ಲೇ ಹತ್ತಿ ಇಳೀತಾರೆ.

ಎಲ್ಲ ಸರಿಹೋಯ್ತು ಅಂತಲ್ಲ. ನ್ಯೂಯಾರ್ಕಿನ ಹಳೇ ಸಬ್‌ವೇ ಸ್ಟೇಷನ್ನುಗಳಲ್ಲಿ ಬಹುಪಾಲಕ್ಕೆ ಇನ್ನೂ ಲಿಫ್ಟ್ ಇಲ್ಲ. 2022ರಲ್ಲಿ ಆದ ಒಪ್ಪಂದದ ಪ್ರಕಾರ 95 ಶೇಕಡಾ ಸ್ಟೇಷನ್ ಮುಗಿಯೋದು 2055ಕ್ಕೆ. ಬಸ್ಸಿನ ಹಾಗೆ ಸ್ಟೇಷನ್ನಿಗೆ ಹನ್ನೆರಡು ವರ್ಷದ ಆಯಸ್ಸು ಇಲ್ಲವಲ್ಲ.

ವೇಡ್ ಬ್ಲಾಂಕ್ 1993ರಲ್ಲಿ ಮೆಕ್ಸಿಕೋದ ಕಡಲಲ್ಲಿ, ಮುಳುಗುತ್ತಿದ್ದ ಎಂಟು ವರ್ಷದ ಮಗನನ್ನು ಉಳಿಸಲು ಹೋಗಿ ತೀರಿಕೊಂಡರು. ಮಗನೂ ಉಳಿಯಲಿಲ್ಲ. ಬಸ್ಸಿನ ಜಗಳ ಗೆದ್ದ ಮೇಲೆ ಅಡಾಪ್ಟ್ ತನ್ನ ಹೆಸರಿನ ವಿಸ್ತರಣೆಯನ್ನೇ ಬದಲಿಸಿಕೊಂಡು, ನರ್ಸಿಂಗ್ ಹೋಮಿನಿಂದ ಜನರನ್ನು ಹೊರತರೋ ಕೆಲಸಕ್ಕೆ ಮರಳಿತು. ಶುರುವಾಗಿದ್ದೇ ಅಲ್ಲಿಂದ ತಾನೆ.

*

ಈಗ ನಮ್ಮ ಕಡೆ ಬರೋಣ.

ನಮ್ಮ ದೇಶದ ಅಂಗವಿಕಲರ ಕಾಯ್ದೆ ಬಂದಿದ್ದು 1995ರಲ್ಲಿ. ಅದೂ ಸುಮ್ಮನೆ ಬರಲಿಲ್ಲ, ಜಾವೇದ್ ಅಬಿದಿ ಮತ್ತು ಗೆಳೆಯರು ದೆಹಲಿಯಲ್ಲಿ ಬೀದಿಗಿಳಿದರು. ಅದರ 44ನೇ ಸೆಕ್ಷನ್ ಸಾರಿಗೆಯದ್ದು. ರೈಲು, ಬಸ್ಸು, ಹಡಗು, ವಿಮಾನಗಳನ್ನು ಅಂಗವಿಕಲರು ಸುಲಭವಾಗಿ ಬಳಸೋ ಹಾಗೆ ಮಾರ್ಪಡಿಸಬೇಕು ಅಂತ ಹೇಳುತ್ತೆ. ಬಹಳ ಚೆನ್ನಾಗಿದೆ. ಆದರೆ ಅದಕ್ಕೂ ಮುಂಚೆ ಒಂದು ತುಂಡು ಇದೆ: ತಮ್ಮ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ. ಯಾವ ಸಾರಿಗೆ ಸಂಸ್ಥೆ ನಮ್ಮ ಹತ್ತಿರ ದುಡ್ಡು ಬೇಕಾದಷ್ಟಿದೆ ಅಂತ ಹೇಳೀತು?

2016ರ ಹೊಸ ಕಾಯ್ದೆ ಹಲವು ವಿಷಯದಲ್ಲಿ ಬಹಳ ಮುಂದೆ ಹೋಯ್ತು. ಸಾರಿಗೆಯ 41ನೇ ಸೆಕ್ಷನ್ನಿನಲ್ಲಿ ಹಳೇ ವಾಹನಗಳನ್ನು ಮಾರ್ಪಡಿಸೋ ಮಾತಿಗೆ ಮಾತ್ರ ತಾಂತ್ರಿಕವಾಗಿ ಸಾಧ್ಯ ಇದ್ದರೆ, ಆರ್ಥಿಕವಾಗಿ ಗಿಟ್ಟಿದರೆ ಅನ್ನೋ ಮಾತುಗಳು ಜೊತೆಗೇ ಬಂದವು. 2008ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಗರ ಬಸ್ಸುಗಳ ಸ್ಪೆಸಿಫಿಕೇಶನ್ ತೆಗೆದು ನೋಡಿದರೆ ಅಲ್ಲೂ ನೆಲದ ಎತ್ತರಕ್ಕೆ ಆಯ್ಕೆಗಳು: 400, 650, 900 ಮಿಲಿಮೀಟರ್. ಮೊದಲನೆಯದರಲ್ಲಿ ವೀಲ್‌ಚೇರ್ ಆರಾಮಾಗಿ ಹೋಗುತ್ತೆ. ಕೊನೆಯದು ಮತ್ತೆ ಮೆಟ್ಟಿಲು. 900 ಮಿಲಿಮೀಟರ್ ಅಂದರೆ 35 ಇಂಚು, ಡೆನ್ವರಿನ ಬಸ್ಸಿನಷ್ಟೇ. ಆಯ್ಕೆ ಕೊಟ್ಟರೆ ಅಗ್ಗದ್ದನ್ನು ಆರಿಸಿಕೊಳ್ಳೋದು ಮನುಷ್ಯ ಸಹಜ, ಸಂಸ್ಥೆ ಸಹಜ.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ರತೂರಿ ದೃಷ್ಟಿಹೀನರು. ರಸ್ತೆ, ಸಾರಿಗೆ, ಕಟ್ಟಡ ಎಲ್ಲರೂ ಬಳಸೋ ಹಾಗಿರಬೇಕು ಅಂತ ಅವರು ಕೋರ್ಟಿಗೆ ಹೋಗಿದ್ದು 2005ರಲ್ಲಿ. 2016ರ ಕಾಯ್ದೆ ಕಡ್ಡಾಯ ಅಂತ ಹೇಳುತ್ತೆ, ಆದರೆ ಅದರ ಕೆಳಗೆ ಮಾಡಿದ 15ನೇ ನಿಯಮ ಬರೀ ಸಲಹೆಗಳ ಕಟ್ಟು, ಇದು ಕಾಯ್ದೆಗೇ ವಿರುದ್ಧ, ಕಡ್ಡಾಯದ್ದನ್ನು ಬೇರೆ ಮಾಡಿ ಬರೆಯಿರಿ ಅಂತ ಕೋರ್ಟು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಹತ್ತೊಂಬತ್ತು ವರ್ಷಗಳ ನಂತರ ದೇಶದ ಅತಿ ದೊಡ್ಡ ಕೋರ್ಟು ಹೇಳಿದ್ದು ಅದೇ, ‘ಮಸ್ಟ್’ ಯಾವುದು ‘ಶುಡ್’ ಯಾವುದು ಬಿಡಿಸಿ ಬರೀರಿ ಅಂತ.

ಬೆಂಗಳೂರಿನಲ್ಲೇ ನೋಡಿ. 2011ರ ಅಕ್ಟೋಬರಿನಲ್ಲಿ ಶುರುವಾದ ನಮ್ಮ ಮೆಟ್ರೋದಲ್ಲಿ ಮೊದಲ ದಿನದಿಂದ ಲಿಫ್ಟ್ ಇದೆ. ಯಾಕೆಂದರೆ ನಕ್ಷೆಯಲ್ಲೇ ಇತ್ತು. ಬಿಎಂಟಿಸಿಗೆ ಈಚಿನ ವರ್ಷಗಳಲ್ಲಿ ಬಂದಿರೋ ಎಲೆಕ್ಟ್ರಿಕ್ ಬಸ್ಸುಗಳಲ್ಲೂ ತಗ್ಗು ನೆಲದವು ಇವೆ. ಸಂತೋಷ. ಆದರೆ ಸ್ಟಾಪಿನಲ್ಲಿ ನಿಂತವನಿಗೆ ಮುಂದೆ ಬರೋ ಬಸ್ಸು ಎಂಥದ್ದು ಅನ್ನೋದು ಅದೃಷ್ಟದ ಮೇಲೆ. ಹತ್ತಿದ ಮೇಲೆ ಬಸ್ಸು ಬದಲಿಸಬೇಕಾಗಿ ಬಂದರೆ ಅಲ್ಲಿ ಇನ್ನೊಂದು ಅದೃಷ್ಟ. ಫುಟ್‌ಪಾತಿನ ವಿಷಯ ಎತ್ತಿದರೆ ಈ ಪೋಸ್ಟ್ ಮುಗಿಯಲ್ಲ.

ಮಾವನ ಬೂತ್ ಮೊಬೈಲ್ ಬಂದ ಮೇಲೆ ಮುಚ್ಚಿತು. ಈಗ ಅದೇ ಜಾಗದಲ್ಲಿ ರೀಚಾರ್ಜ್, ಜೆರಾಕ್ಸ್ ಅಂತ ಸಣ್ಣ ಅಂಗಡಿ. ಬಸ್ಸುಗಳ ಟೈಮು ಈಗಲೂ ಬಾಯಿಪಾಠ. ಈ ಕಥೆಯನ್ನೆಲ್ಲ ಫೋನಿನಲ್ಲಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ‘ರಾತ್ರಿಯೆಲ್ಲ ರಸ್ತೆ ಮೇಲೆ ಇದ್ದರಲ್ಲ, ಅವರಿಗೆ ಊಟಗೀಟ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನಗೆ ಅನ್ನಿಸೋದು ಇಷ್ಟು. ಮುಂದಿನ ಸಲ ಪೇಪರಿನಲ್ಲಿ ‘ಸಾರಿಗೆ ಸಂಸ್ಥೆಗೆ ಇಷ್ಟು ನೂರು ಹೊಸ ಬಸ್ಸು’ ಅಂತ ಬಂದಾಗ ಮಂತ್ರಿಗಳು ಹಸಿರು ನಿಶಾನೆ ತೋರಿಸೋ ಫೋಟೋ ದಾಟಿ, ನೆಲದ ಎತ್ತರ ಎಷ್ಟು ಅಂತ ಒಂದು ಪ್ರಶ್ನೆ ಕೇಳೋಣ. ಟೆಂಡರ್ ಆಗೋಕೆ ಮೊದಲೇ ಕೇಳಿದರೆ ಇನ್ನೂ ಒಳ್ಳೇದು. ಸಹಿ ಬಿದ್ದ ಮೇಲೆ ಆ ಮೆಟ್ಟಿಲು ವರ್ಷಗಟ್ಟಲೆ ಅಲ್ಲೇ ಇರುತ್ತೆ.

ನಿಮ್ಮ ಊರಿನ ಬಸ್ಸುಗಳು ಹೇಗಿವೆ? ಅದರಲ್ಲಿ ಹತ್ತೋಕೆ ಆಗದೇ ಮನೆಯಲ್ಲೇ ಉಳಿದವರು ನಿಮಗೆ ಗೊತ್ತಿರೋರಲ್ಲಿ ಯಾರಾದರೂ ಇದ್ದಾರಾ? ಬರೆಯಿರಿ, ಓದ್ತೀನಿ.